ಹೆಂಗಸರ ಬೆಂಚಿನ ಮೇಲೆ

ರಾಮನಗರ
11 ಜನವರಿ 2025

ಪ್ರೀತಿಯ ಅಕ್ಕನಿಗೆ,

ಮೊದಲ ಸಾಲಿನಲ್ಲೇ ‘ನಾವೆಲ್ಲ ಕ್ಷೇಮ’ ಎಂದು ಬರೆದು ಗೀಚಿ ಹಾಕಿದ್ದೇನೆ, ನೋಡಿ ಗಾಬರಿಯಾಗಬೇಡ. ಅವ್ವ ಗಟ್ಟಿಯಾಗಿದ್ದಾಳೆ. ಮಮತಾ ಸ್ಕೂಲಿನ ಆಫೀಸಿಗೆ ಹೋಗಿ ಬರುತ್ತಿದ್ದಾಳೆ. ಮಗಳು ಅಮೂಲ್ಯ ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಸಾಲಿನೊಳಗೆ ನನ್ನನ್ನು ಸೇರಿಸಲು ಕೈ ಬರಲಿಲ್ಲ, ಅದಕ್ಕೇ ಗೀಚಿದೆ.

ರಾಮನಗರದಿಂದ ಕನಕಪುರಕ್ಕೆ ಈಗ ಯಾರು ಕಾಗದ ಬರೆಯುತ್ತಾರೆ ಎಂದು ನೀನು ನಗಬಹುದು. ಹೋದ ವಾರ ಎರಡು ಸಲ ಫೋನ್ ಮಾಡಿದ್ದೆನಲ್ಲ. ಒಂದು ಸಲ ಭಾವನ ಮಂಡಿ ಆಪರೇಷನ್ ಹೇಗಿದೆ ಅಂತ ಕೇಳಿದೆ, ಇನ್ನೊಂದು ಸಲ ಆ ಕಡೆ ಅವರೆಕಾಯಿ ಚೆನ್ನಾಗಿ ಬಂದಿದೆಯಾ ಅಂತ ಕೇಳಿ ಇಟ್ಟುಬಿಟ್ಟೆ. ಎರಡು ಸಲವೂ ಮಾಡಿದ್ದು ಬೇರೆ ವಿಷಯಕ್ಕೆ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಹೊಲಿಗೆ ಮಿಷನ್ ತುಳಿಯುತ್ತಾ ಮಾತಾಡುತ್ತೀಯ. ಹಿಂದೆ ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರ ನಗು ಕೇಳಿಸುತ್ತಿರುತ್ತದೆ. ಹೇಳಬೇಕಾದದ್ದನ್ನು ಅವರ ನಡುವೆ ಹೇಳಲಾಗಲಿಲ್ಲ. ಇದನ್ನು ನಿನ್ನ ಅಂಗಡಿ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಒಬ್ಬಳೇ ಇರುವಾಗ ಓದು.

ಅಕ್ಕ, ನನ್ನ ಎಡಗಡೆಯ ಎದೆಯಲ್ಲಿ, ತೊಟ್ಟಿನ ಹಿಂದೆ ಒಂದು ಗಂಟಾಗಿದೆ. ಹುಣಸೆಬೀಜದಷ್ಟಿದೆ, ಅಷ್ಟೇ ಗಟ್ಟಿ. ಒತ್ತಿದರೆ ನೋವಿಲ್ಲ. ದಸರಾ ಹೊತ್ತಿಗೆ ಸೋಪು ಹಚ್ಚಿಕೊಳ್ಳುವಾಗ ಬೆರಳಿಗೆ ಸಿಕ್ಕಿತು. ಫ್ಯಾಕ್ಟರಿಯಲ್ಲಿ ಏನೋ ತಗುಲಿರಬೇಕು, ಕರಗುತ್ತದೆ ಅಂದುಕೊಂಡೆ. ಆಮೇಲೆ ತೊಟ್ಟು ಒಳಕ್ಕೆ ಎಳೆದುಕೊಳ್ಳತೊಡಗಿತು. ಕಾರ್ತಿಕ ಕಳೆಯುವ ಹೊತ್ತಿಗೆ ಬನಿಯನ್ ಮೇಲೆ ಕಂದು ಬಣ್ಣದ ಕಲೆ ಬೀಳಲು ಶುರುವಾಯಿತು. ನಾನಿರುವುದು ಪೇಂಟ್ ವಿಭಾಗದಲ್ಲಿ, ನನ್ನ ಬಟ್ಟೆಯ ಮೇಲೆ ಕಲೆಯಿಲ್ಲದ ದಿನವೇ ಇಲ್ಲ. ಆದರೆ ಪೇಂಟಿನ ಕಲೆ ಹೊರಗಿನಿಂದ ಆಗುತ್ತದೆ. ಇದು ಒಳಗಿನಿಂದ ಆಗಿತ್ತು.

ಅಂದಿನಿಂದ ನನ್ನ ಬನಿಯನ್ನುಗಳನ್ನು ನಾನೇ ಒಗೆಯುತ್ತಿದ್ದೇನೆ. ಮಮತಾ ಮೊದಲು ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು.

ಬಿಡದಿಯಲ್ಲಿ ಶಿಫ್ಟ್ ಮುಗಿದ ಮೇಲೆ ನಾವೆಲ್ಲ ಒಂದೇ ಕೋಣೆಯಲ್ಲಿ ಬಟ್ಟೆ ಬದಲಾಯಿಸುವುದು. ನಾನು ಗೋಡೆ ಕಡೆ ತಿರುಗಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಪಕ್ಕದ ಲೈನಿನ ಶಿವರಾಜು ಒಂದು ದಿನ ಎಲ್ಲರೆದುರಿಗೆ, “ಏನ್ಲಾ ಮುನೇಶ, ಹೊಸ ಮದ್ಲಗಿತ್ತಿ ಥರ ಗ್ವಾಡೆ ನೋಡ್ಕಂಡು ನಿಂತ್ಕತೀಯ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಡಿಸೆಂಬರಿನಲ್ಲಿ ಫ್ಯಾಕ್ಟರಿಯ ವರ್ಷದ ತಪಾಸಣೆ ಇತ್ತು. ಶರ್ಟು ಬಿಚ್ಚಲೇಬೇಕಾಯಿತು. ಎದೆಬಡಿತ ಕೇಳಲು ಬಂದ ಡಾಕ್ಟರು ಕೇಳಲಿಲ್ಲ, ನೋಡುತ್ತಾ ನಿಂತರು. ತಡಮಾಡಬೇಡಿ ಎಂದು ಹೇಳಿ ಮೈಸೂರು ರೋಡಿನ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಸ್ಕ್ಯಾನಿಂಗ್ ಕೋಣೆಯ ಮುಂದೆ ಒಂದು ಉದ್ದನೆಯ ಬೆಂಚು. ಅದರ ತುಂಬ ಹೆಂಗಸರು. ನಾನು ಗೋಡೆಗೊರಗಿ ನಿಂತಿದ್ದೆ. ಹೆಸರು ಕರೆದಾಗ ಮುಂದೆ ಹೋದೆ. ಬಾಗಿಲಲ್ಲಿದ್ದ ಹುಡುಗಿ ನನ್ನ ಹಿಂದೆ ಕಣ್ಣಾಡಿಸಿ, “ಪೇಷೆಂಟ್ ಎಲ್ಲಿ ಸಾರ್? ಅವರನ್ನ ಕಳಿಸಿ, ನೀವು ಹೊರಗಡೆ ಇರಿ” ಎಂದಳು.

“ನಾನೇ” ಎಂದೆ.

ಬೆಂಚಿನ ಮೇಲಿನ ಮಾತೆಲ್ಲ ನಿಂತುಹೋಯಿತು ಅಕ್ಕ. ಆ ಹುಡುಗಿ ಚೀಟಿ ನೋಡಿದಳು, ನನ್ನನ್ನು ನೋಡಿದಳು, ಸ್ವಲ್ಪ ಹೊತ್ತು ಕೂತಿರಿ ಎಂದಳು. ಕೂರಲು ಜಾಗವಿದ್ದದ್ದು ಆ ಬೆಂಚಿನಲ್ಲೇ. ಮಾಗಡಿ ಕಡೆಯ ಒಬ್ಬ ವಯಸ್ಸಾದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸರಿದು ಜಾಗ ಕೊಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಅವಳು ಏನಾದರೂ ಕೇಳಿದ್ದರೆ ನಾನು ಎದ್ದು ಬಂದುಬಿಡುತ್ತಿದ್ದೆ.

ಒಳಗೆ ಹೂವಿನ ಚಿತ್ರದ ಗೌನು ತೊಡಿಸಿದರು. ಮಿಷನ್ನಿನ ಎರಡು ಹಲಗೆಗಳ ನಡುವೆ ಇಡಲು ಗಂಡಸಿನ ಎದೆಯಲ್ಲಿ ಏನಿರುತ್ತದೆ? ಆ ಹುಡುಗಿ ಚರ್ಮವನ್ನು ಎಳೆದೆಳೆದು ಹಲಗೆಗೆ ಕೂರಿಸಿದಳು, ಪಾಪ ಪ್ರತಿ ಸಲವೂ ಸಾರಿ ಎನ್ನುತ್ತಿದ್ದಳು. ಆಮೇಲೆ ಸೂಜಿ ಹಾಕಿ ಗಂಟಿನ ಚೂರುಗಳನ್ನು ತೆಗೆದರು. ಡಾಕ್ಟರ್ ಮೆಹ್ರೀನ್ ಎಂದು, ನಮ್ಮ ಅಮೂಲ್ಯಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಗಂಡಸರಿಗೂ ಇದು ಬರುತ್ತದೆ, ಅಪರೂಪ, ಆದರೆ ಬರುತ್ತದೆ ಎಂದರು. ಬೇರೆ ಏನಾದರೂ ಇದ್ದರೂ ಇರಬಹುದು, ರಿಪೋರ್ಟ್ ಬರುವ ತನಕ ಏನೂ ಹೇಳಲಾಗದು ಎಂದರು. ನಡುವೆ ಸಂಕ್ರಾಂತಿ ರಜೆ ಇದೆ, ತಡವಾಗಬಹುದು, ಬಂದ ಕೂಡಲೇ ಫೋನ್ ಮಾಡುತ್ತೇನೆ ಎಂದರು.

ಮನೆಯಲ್ಲಿ ಯಾರಿಗಾದರೂ ಇಂಥದ್ದು ಆಗಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ತಾಯಿಗೆ ಯಾವುದಾದರೂ ಆಪರೇಷನ್ ಆಗಿದೆಯಾ ಎಂದರು. ನಾನು ಹಾಸ್ಟೆಲಿನಲ್ಲಿದ್ದಾಗ ಗರ್ಭಕೋಶ ತೆಗೆಸಿದ್ದರು ಎಂದೆ. ಬರೆದುಕೊಂಡರು. ಅಪ್ಪನ ಕಡೆಯಾಗಲಿ, ಅವ್ವನ ಕಡೆಯಾಗಲಿ ನಿನಗೆ ಗೊತ್ತಿರುವುದು ಏನಾದರೂ ಇದ್ದರೆ ಬರಿ.

ಈಗ ಕಾಯುತ್ತಿದ್ದೇನೆ. ಈ ಕಾಯುವುದು ಎಂಥದ್ದು ಎಂದು ಹೇಗೆ ಬರೆಯಲಿ. ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕವಿರುವುದು ಬಚ್ಚಲಿಗೆ ಮಾತ್ರ. ಅಲ್ಲಿ ಹೋಗಿ ನಿಂತು ಮುಟ್ಟಿ ನೋಡಿಕೊಳ್ಳುತ್ತೇನೆ. ಇದೆ. ಹೊರಗೆ ಬರುತ್ತೇನೆ, ಒಂದು ಲೋಟ ಕಾಫಿ ಕುಡಿಯುತ್ತೇನೆ, ಕಡಿಮೆಯಾಗಿರಬಹುದೇನೋ ಅನ್ನಿಸಿ ಮತ್ತೆ ಹೋಗುತ್ತೇನೆ. ಅಮೂಲ್ಯ ಬಾಗಿಲು ಬಡಿಯುತ್ತಾಳೆ. ಅವ್ವ ಹಾಲ್‌ನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾಳೆ, ಯಾವ ಬಾಗಿಲಿಗೆ ಹೋಗಬೇಕಾದರೂ ಅವಳನ್ನು ದಾಟಿಯೇ ಹೋಗಬೇಕು. ಹೊಟ್ಟೆ ಸರಿಯಿಲ್ಲವೇನಪ್ಪ ಎನ್ನುತ್ತಾಳೆ, ಹೌದವ್ವ ಎನ್ನುತ್ತೇನೆ, ಜೀರಿಗೆ ಕಷಾಯ ಬರುತ್ತದೆ. ನಿಜ ಹೇಳಬೇಕೆಂದರೆ ಫ್ಯಾಕ್ಟರಿಯ ಪೇಂಟ್ ಬೂತಿನೊಳಗೆ, ಮುಖಕ್ಕೆ ಮಾಸ್ಕು ಬಿಗಿದುಕೊಂಡು, ನಾಲ್ಕೂ ಕಡೆ ಮುಚ್ಚಿದ ಆ ಡಬ್ಬಿಯಲ್ಲಿ ನಿಂತಿರುವಾಗಲೇ ನನಗೆ ಉಸಿರಾಟ ಸಲೀಸು. ಅಲ್ಲಿ ಯಾರೂ ನನ್ನ ಮುಖ ನೋಡುವುದಿಲ್ಲ.

ಮೊನ್ನೆ ರಜೆಯಿತ್ತು. ತಡೆಯಲಾರದೆ ಬೈಕ್ ತೆಗೆದುಕೊಂಡು ರಾಮದೇವರ ಬೆಟ್ಟಕ್ಕೆ ಹೋದೆ. ಅರ್ಧ ಮೆಟ್ಟಿಲು ಹತ್ತಿದ ಮೇಲೆ ಫೋನ್ ನೋಡಿದರೆ ಸಿಗ್ನಲ್ ಇಲ್ಲ. ಈ ಹೊತ್ತಿನಲ್ಲೇ ಆಸ್ಪತ್ರೆಯಿಂದ ಫೋನ್ ಬಂದುಬಿಟ್ಟರೆ? ಮೇಲಕ್ಕೂ ಹೋಗಲಾಗಲಿಲ್ಲ, ಅಲ್ಲಿ ಕೂರಲೂ ಆಗಲಿಲ್ಲ. ಬಂದ ದಾರಿಯಲ್ಲೇ ಇಳಿದುಬಂದೆ. ಮನೆಗೆ ಬಂದರೆ, ಎಲ್ಲಿಗೆ ಹೋಗಿದ್ದಿರಿ ಎಂದು ಮಮತಾ ಕೇಳಿದಳು. ಬೆಟ್ಟಕ್ಕೆ ಎಂದೆ. ಒಬ್ಬರೇನಾ ಎಂದಳು. ಅವಳ ದನಿ ಬೇರೆಯೇ ಇತ್ತು.

ಅವಳಿಗೆ ಅನುಮಾನ ಬಂದಿದೆ. ಫೋನ್ ಬಂದರೆ ನಾನು ಗೇಟಿನಾಚೆ ಹೋಗುತ್ತೇನೆ. ಬಟ್ಟೆ ಒಗೆದುಕೊಳ್ಳುತ್ತೇನೆ. ಅವಳ ಕಡೆ ತಿರುಗಿ ಮಲಗುವುದಿಲ್ಲ. ಹೆಂಗಸಿಗೆ ಏನನ್ನಿಸಬೇಕೋ ಅದೇ ಅನ್ನಿಸಿದೆ. ಹೇಳಿಬಿಡಬಹುದಲ್ಲ ಎನ್ನುತ್ತೀಯ. ಅವರಪ್ಪನನ್ನು ಗಂಟಲು ಕ್ಯಾನ್ಸರಿನಲ್ಲಿ ಅವಳು ಹೇಗೆ ನೋಡಿಕೊಂಡಳು ಎಂಬುದು ನಿನಗೆ ಗೊತ್ತು. ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಇದ್ದವಳು. ಅವರು ತೀರಿಕೊಂಡ ಮೇಲೆ ಒಂದು ವರ್ಷ ಊಟದ ಮುಂದೆ ಕೂತರೆ ಕಣ್ಣಲ್ಲಿ ನೀರು. ಈಗ ಈ ದೀಪಾವಳಿಯಿಂದೀಚೆಗೆ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ಅವಳನ್ನು ಮತ್ತೆ ಅದೇ ವರಾಂಡಕ್ಕೆ ಹೇಗೆ ಕರೆದುಕೊಂಡು ಹೋಗಲಿ? ಬೇರೆ ಹೆಂಗಸು ಇದ್ದಾಳೆ ಅಂದುಕೊಂಡರೂ ಸರಿ, ಇನ್ನು ಸ್ವಲ್ಪ ದಿನ ಅಂದುಕೊಂಡಿರಲಿ ಅನ್ನಿಸುತ್ತದೆ. ಒಂದು ವೇಳೆ ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂದರೆ, ಆಗ ಹೇಳಿ ನಗಿಸಬಹುದು.

ಇನ್ನೊಂದು ನಾಚಿಕೆಯ ಮಾತು. ಇದೇ ಗಂಟು ಹೊಟ್ಟೆಯಲ್ಲೋ ಕತ್ತಿನಲ್ಲೋ ಆಗಿದ್ದರೆ ನಾನು ಇಷ್ಟು ಮುಚ್ಚಿಡುತ್ತಿದ್ದೆನೇ ಅಂತ ಯೋಚನೆ ಮಾಡುತ್ತೇನೆ. ಇಲ್ಲ ಅನ್ನಿಸುತ್ತದೆ. ಶಿವರಾಜುವಿಗೂ ಹೇಳುತ್ತಿದ್ದೆ. ಇದು ಆಗಿರುವ ಜಾಗ ನನ್ನ ಬಾಯಿ ಕಟ್ಟಿದೆ.

ಮಂಡಿ ಕಟ್ಟಿಸಿಕೊಂಡು ಮಲಗಿರುವ ಭಾವನನ್ನು ಬಿಟ್ಟು ಬರಲು ನಿನಗಾಗದು, ಗೊತ್ತು. ಬಾ ಎಂದು ಬರೆದದ್ದಲ್ಲ. ಒಬ್ಬರಿಗಾದರೂ ಗೊತ್ತಿರಲಿ ಅಂತ.

ನಿನ್ನ ತಮ್ಮ,
ಮುನೇಶ

ಮರೆತದ್ದು: ಬೇರೆ ಏನಾದರೂ ಇದ್ದರೂ ಇರಬಹುದು ಎಂದು ಡಾಕ್ಟರ್ ಹೇಳಿದರು ಅಂತ ಮೇಲೆ ಬರೆದಿದ್ದೇನೆ. ಅವರು ಹಾಗೆ ಹೇಳಲಿಲ್ಲ ಅಕ್ಕ. ಅದು ನಾನು ಸೇರಿಸಿದ್ದು. ಸ್ಕ್ಯಾನಿಂಗಿನ ಚಿತ್ರ ನನಗೆ ಅಷ್ಟು ಸಮಾಧಾನ ಕೊಡುತ್ತಿಲ್ಲ, ರಿಪೋರ್ಟ್ ತಗೊಳ್ಳಲು ಬರುವಾಗ ಮನೆಯವರನ್ನು ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದರು.

~

ಕನಕಪುರ
17 ಜನವರಿ 2025

ಮುನೇಶ, ನನ್ನ ಕಂದ,

ನಿನ್ನ ಕಾಗದ ನಿನ್ನೆ ಕೈಗೆ ಬಂತು. ಹಬ್ಬ ಮುಗಿದು ಎರಡು ದಿನವಾಗಿತ್ತು, ಅಂಗಡಿಯಲ್ಲಿ ಜನವಿರಲಿಲ್ಲ. ಆದರೂ ಶಟರ್ ಅರ್ಧ ಇಳಿಸಿ ಓದಿದೆ. ಓದಿ ಮುಗಿಸಿ, ಕತ್ತರಿಸಿಟ್ಟಿದ್ದ ಬಟ್ಟೆಯ ಮೇಲೆ ತಲೆಯಿಟ್ಟುಕೊಂಡೆ. ದಸರಾದಿಂದ ಇಟ್ಟುಕೊಂಡು ಕೂತಿದ್ದೀಯಲ್ಲೋ. ಬೈಯಬೇಕು ನಿನ್ನನ್ನ. ಆಮೇಲೆ ಬೈಯುತ್ತೇನೆ.

ಈಗ ಬರೆಯುವುದನ್ನು ಯಾರಿಗೂ ಹೇಳಕೂಡದು ಎಂದು ಅವ್ವ ನನ್ನಿಂದ ಕಬ್ಬಾಳಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದಳು. ಇಷ್ಟು ವರ್ಷ ನಿಮ್ಮ ಭಾವನಿಗೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಕಬ್ಬಾಳಿಗೆ ಹೋಗುವ ಪಕ್ಕದ ಮನೆಯವರ ಕೈಯಲ್ಲಿ ಹೂವು, ಹಣ್ಣು ಕೊಟ್ಟು ಕಳಿಸಿದ್ದೇನೆ. ತಾಯಿ ಅರ್ಥ ಮಾಡಿಕೊಳ್ಳುತ್ತಾಳೆ.

ಅವ್ವನಿಗೆ ಆದದ್ದು ಗರ್ಭಕೋಶದ ಆಪರೇಷನ್ ಅಲ್ಲ ಮುನೇಶ. ನಿನಗೆ ಬಂದಿರುವ ಜಾಗದಲ್ಲೇ ಅವಳಿಗೂ ಗಂಟು ಬಂದಿತ್ತು. ಬಲಗಡೆ. ನೀನು ಆಗ ಚನ್ನಪಟ್ಟಣದ ಹಾಸ್ಟೆಲಿನಲ್ಲಿ ಏಳನೇ ಕ್ಲಾಸು. ನಾನು ನಮ್ಮೂರು ವಿರೂಪಾಕ್ಷಿಪುರದ ಮನೆಯಲ್ಲೇ ಇದ್ದೆ. ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋದರು, ಪೂರ್ತಿ ತೆಗೆದುಬಿಟ್ಟರು. ವಾರ್ಡಿನಲ್ಲಿ ಜೊತೆಗಿದ್ದವಳು ನಾನು. ಊರಿನವರಿಗೆ ಏನು ಹೇಳುವುದು ಎಂದು ಅಪ್ಪ ಬಸ್ಸಿನಲ್ಲೇ ತೀರ್ಮಾನ ಮಾಡಿದರು. ಗರ್ಭಕೋಶ ಎಂದರೆ ಯಾರೂ ಹೆಚ್ಚು ಕೇಳುವುದಿಲ್ಲ.

ನೀನು ರಜೆಗೆ ಬಂದಾಗ ಅವ್ವನಿಗೆ ಬಲಗೈ ಎತ್ತಲು ಬರುತ್ತಿರಲಿಲ್ಲ. ಮುದ್ದೆ ತೊಳಸುತ್ತಿದ್ದವಳು ನಾನು. ಅಕ್ಕನ ಮುದ್ದೆ ತುಂಬ ಗಂಟು ಎಂದು ನೀನು ತಟ್ಟೆ ತಳ್ಳಿ ಎದ್ದುಹೋಗಿದ್ದೆ. ಅವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನೋಡುತ್ತಿದ್ದಳು.

ನಾನು ಬ್ಲೌಸ್ ಹೊಲಿಯಲು ಕಲಿತದ್ದೇ ಅವಳಿಗಾಗಿ. ಬಟ್ಟೆಯ ಚೀಲ ಮಾಡಿ, ಹತ್ತಿ ತುಂಬಿ, ತೂಕ ಸರಿಹೋಗಲಿ ಎಂದು ಒಳಗೆ ಸಾಸಿವೆ ಸೇರಿಸಿ ಒಂದು ಕಡೆಗೆ ಹೊಲಿದುಕೊಟ್ಟೆ. ಮೊದಲನೆಯದು ಡೊಂಕಾಗಿತ್ತು. ಅದನ್ನೇ ತೊಟ್ಟುಕೊಂಡು ಅವಳು ಸೊಸೈಟಿಗೆ ಹಾಲು ಹಾಕಿಬಂದಳು. ಇವತ್ತಿಗೂ ಅವಳ ಬ್ಲೌಸ್ ನಾನೇ ಹೊಲಿಯುವುದು, ಬೇರೆ ಟೈಲರಿಗೆ ಕೊಡುವುದಿಲ್ಲ ಎಂದು ಮಮತಾ ಬೇಜಾರು ಮಾಡಿಕೊಳ್ಳುತ್ತಾಳಲ್ಲ, ಕಾರಣ ಅದು. ಈ ಊರಿನ ಇಬ್ಬರು ಹೆಂಗಸರಿಗೂ ಹಾಗೇ ಹೊಲಿದುಕೊಡುತ್ತೇನೆ. ಒಬ್ಬಳು ಬಂದರೆ ಅಂಗಡಿ ತುಂಬ ನಗು. ನೀನು ಫೋನಿನಲ್ಲಿ ಕೇಳಿಸಿಕೊಂಡ ನಗು ಅವಳದ್ದೂ ಇರಬಹುದು.

ಆದದ್ದು ಮೂವತ್ತು ವರ್ಷದ ಮೇಲಾಯಿತು. ಅವಳು ನಿನ್ನ ಹಾಲ್‌ನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಹೆದರಿಕೆಯಾದಾಗ ಬಚ್ಚಲಿಗೆ ಹೋಗಬೇಡ, ಅವಳ ಮುಖ ನೋಡು.

ಮೊದಲು ಇದನ್ನು ಆ ಡಾಕ್ಟರಿಗೆ ತಿಳಿಸು. ಅವರು ಕೇಳಿದ್ದು ಸುಮ್ಮನೆ ಅಲ್ಲ. ಎರಡನೆಯದು, ಮಮತಾಗೆ ಇವತ್ತೇ ಹೇಳು. ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೀಯ. ನೀನು ಮಾಡುತ್ತಿರುವುದು ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಕೊಂಡಂತೆ. ತನ್ನ ಅಪ್ಪನನ್ನು ನೋಡಿಕೊಂಡವಳಿಗೆ ಗಂಡನನ್ನು ನೋಡಿಕೊಳ್ಳಲು ಬರುವುದಿಲ್ಲವಾ? ಅವಳು ಅಳಲಿ. ಅತ್ತರೆ ಅತ್ತಳು, ನಿನ್ನ ಮುಂದೆ ತಾನೇ.

ಭಾವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಲೂ ನಾನೇ ಬೇಕು. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬಸ್ ಹತ್ತಿರುತ್ತಿದ್ದೆ. ಇಲ್ಲಿ ಕೈಕಾಲು ಕಟ್ಟಿದಂತಾಗಿದೆ.

ನಿನ್ನ ಅಕ್ಕ,
ಪ್ರತಿಮಾ

ಇದನ್ನೂ ಓದು: ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಲೈನಿಂಗ್ ಬಟ್ಟೆ ತರುತ್ತೇನೆ ಎಂದು ಚಿಕ್ಕಪೇಟೆಗೆ ಹೋಗುತ್ತೇನಲ್ಲ, ಬಟ್ಟೆ ತರುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬರುತ್ತೇನೆ. ನಲವತ್ತಾದಾಗಿನಿಂದ ಹೀಗೇ. ಒಬ್ಬಳೇ. ನೀನು ಕೂತ ಆ ಬೆಂಚು ನನಗೆ ಗೊತ್ತು ಮುನೇಶ. ನಮ್ಮಿಬ್ಬರಿಗೂ ಗೊತ್ತಿದ್ದಿದ್ದರೆ ಒಟ್ಟಿಗೇ ಹೋಗಬಹುದಿತ್ತು.

~

ರಾಮನಗರ
24 ಜನವರಿ 2025

ಅಕ್ಕ,

ನಿನ್ನ ಕಾಗದ ಸೋಮವಾರ ಬಂತು. ಮಮತಾ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅಲ್ಲಿಗೇ ಹೋಗಿ ಕಾಗದವನ್ನು ಅವಳ ಕೈಗೆ ಕೊಟ್ಟೆ, ನಾನು ಹೇಳಿದರೆ ಅರ್ಧ ನುಂಗಿಬಿಡುತ್ತಿದ್ದೆ. ನಿಂತುಕೊಂಡೇ ಓದಿದಳು. ಓದಿ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ನನ್ನ ಶರ್ಟಿನ ಗುಂಡಿ ಬಿಚ್ಚಿ ನೋಡಿದಳು, ಬೆರಳಿಟ್ಟು ನೋಡಿದಳು, ಮತ್ತೆ ಗುಂಡಿ ಹಾಕಿದಳು.

“ಯಾರೋ ಇದ್ದಾಳೆ ಅಂದ್ಕೊಂಡಿದ್ದೆ ಕಣ್ರೀ” ಎಂದಳು. ಒಣಗಿದ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, “ಅದೇ ಆಗಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು” ಎಂದಳು.

ಆಗ ಅಳು ಬಂತು. ಇಬ್ಬರಿಗೂ.

ಮಾರನೆಯ ದಿನವೇ ಆಸ್ಪತ್ರೆಯಿಂದ ಫೋನ್ ಬಂತು. ರಜೆ ಹಾಕಿ ಅವಳೂ ಬಂದಳು. ಕ್ಯಾನ್ಸರ್ ಹೌದು ಅಕ್ಕ. ಡಾಕ್ಟರ್ ಮೆಹ್ರೀನ್ ಸುತ್ತಿಬಳಸದೆ ಹೇಳಿದರು. ಗಂಟು ಚಿಕ್ಕದಿದೆ, ಬೇರೆಲ್ಲೂ ಹರಡಿದಂತೆ ಸ್ಕ್ಯಾನಿಂಗಿನಲ್ಲಿ ಕಾಣುತ್ತಿಲ್ಲ, ಆದರೆ ಕಂಕುಳಿನ ಗ್ರಂಥಿಗಳನ್ನು ಆಪರೇಷನ್ನಿನಲ್ಲಿ ತೆಗೆದು ನೋಡಿದ ಮೇಲೇ ಖಚಿತವಾಗಿ ಹೇಳಬಲ್ಲೆ ಎಂದರು. ಫೆಬ್ರವರಿ ಐದಕ್ಕೆ ಆಪರೇಷನ್.

ಅವ್ವನ ವಿಷಯ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಂತಿತು. ತಾಯಿ ಈಗ ಇದ್ದಾರಾ ಎಂದು ಮೆಲ್ಲಗೆ ಕೇಳಿದರು. ಮನೆಯಲ್ಲಿದ್ದಾರೆ, ಹಿದಕಿದ ಬೇಳೆ ಸಾರು ಮಾಡಿಟ್ಟು ನಮ್ಮನ್ನು ಕಾಯುತ್ತಿದ್ದಾರೆ ಎಂದು ಮಮತಾ ಹೇಳಿದಳು. ಡಾಕ್ಟರ್ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ವಂಶದಲ್ಲಿ ಬಂದಿದೆಯಾ ಎಂದು ನೋಡಲು ನನ್ನ ರಕ್ತ ತೆಗೆದುಕೊಂಡಿದ್ದಾರೆ. ಹೌದು ಎಂದಾದರೆ ನೀನೂ ಮಾಡಿಸಬೇಕು, ಮುಂದೆ ಅಮೂಲ್ಯಳೂ ಮಾಡಿಸಬೇಕಾದೀತು. ನೀನು ಪ್ರತಿ ವರ್ಷ ತೋರಿಸುತ್ತೀಯ ಎಂದದ್ದಕ್ಕೆ, ನಿಮ್ಮ ಅಕ್ಕನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ ಎಂದರು.

ಮನೆಗೆ ಬಂದು ಅವ್ವನ ಪಕ್ಕ ಕೂತೆ. ಹೇಗೆ ಶುರುಮಾಡಬೇಕೆಂದು ಬೈಕಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವಳು ಮೊರ ಪಕ್ಕಕ್ಕೆ ಸರಿಸಿ, ನನ್ನ ಮುಖ ನೋಡಿ, “ನಿಂಗೂ ಬಂತಾ ಕಂದ?” ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

ಹಿತ್ತಲ ತಂತಿಯ ಮೇಲೆ ನಾನು ಒಣಗಲು ಹಾಕಿದ ಬನಿಯನ್ ಅವಳು ನೋಡಿದ್ದಳಂತೆ. ಒಗೆದರೂ ಆ ಕಲೆ ಪೂರ್ತಿ ಹೋಗುವುದಿಲ್ಲ, ಅದು ಅವಳಿಗೆ ಗೊತ್ತು. ಬಾಯಿ ಬಿಟ್ಟರೆ ನಿಜವಾಗಿಬಿಡುತ್ತದೆ ಎಂದು ಸುಮ್ಮನಿದ್ದಳಂತೆ. ಅಷ್ಟು ದಿನ ಜೀರಿಗೆ ಕಷಾಯ ಕಾಸಿಕೊಟ್ಟದ್ದು, ಕೈ ಸುಮ್ಮನಿರಲಾರದೆ. ಒಂದೇ ಹಾಲ್‌ನಲ್ಲಿ ಅವ್ವ, ನಾನು ಇಬ್ಬರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೆವು ಅಕ್ಕ.

ಅವಳು ತನ್ನ ಬಲಗಡೆಯ ಎದೆಯ ಮೇಲೆ ಅಂಗೈಯಿಂದ ತಟ್ಟಿಕೊಂಡಳು. “ಇಲ್ಲಿ ಏನೂ ಇಲ್ಲ ಕಣಪ್ಪ. ನೀನು ಎಸ್ಸೆಸೆಲ್ಸಿ ಪಾಸಾದಾಗ್ಲೂ ಇರ್ನಿಲ್ಲ. ನಿನ್ ಮದ್ವೇಲೂ ಇರ್ನಿಲ್ಲ. ಅಮೂಲ್ಯನ್ನ ಎತ್ತಾಡಿಸ್ದಾಗ್ಲೂ ಇರ್ನಿಲ್ಲ. ಏನಾರ ಕಮ್ಮಿ ಆಯ್ತಾ ನಿಂಗೆ?”

ಇಲ್ಲವ್ವ ಎಂದೆ. ಚಿಕ್ಕ ಹುಡುಗನಂತೆ ಅವಳ ಮಡಿಲಿಗೆ ತಲೆಯಿಟ್ಟೆ. ನಲವತ್ತೈದು ವರ್ಷದ ಗಂಡಸು, ಮಮತಾ ನೋಡುತ್ತಿದ್ದಾಳೆ ಎಂಬ ಪರಿವೆಯೂ ಇರಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಆಮೇಲೆ ಕೇಳಿದೆ. ಅದು ನಿನಗೂ ಗೊತ್ತಿಲ್ಲ ಅನ್ನಿಸುತ್ತದೆ. ತನಗೆ ನಾಚಿಕೆ ಏನೂ ಇರಲಿಲ್ಲವಂತೆ. ತಾಯಿಗೆ ಇಂಥ ಕಾಯಿಲೆ ಎಂದು ಗೊತ್ತಾದರೆ ಮಗಳನ್ನು ಯಾರು ತಂದುಕೊಳ್ಳುತ್ತಾರೆ ಎಂದು ಅಪ್ಪ ಹೆದರಿದರಂತೆ. ನಿನ್ನ ಮದುವೆ ಆಗುವ ತನಕ ಅಂತ ಮುಚ್ಚಿಟ್ಟದ್ದು. ಆಮೇಲೆ ತೆಗೆದು ಹೇಳಲು ಒಂದು ಗಳಿಗೆ ಸಿಗಲೇ ಇಲ್ಲವಂತೆ. ನೀನು ಆಣೆ ಮುರಿದದ್ದಕ್ಕೆ ಅವಳಿಗೆ ಸಿಟ್ಟಿಲ್ಲ. ಕಬ್ಬಾಳಮ್ಮನಿಗೆ ತಾನೇ ಹೇಳಿಕೊಳ್ಳುತ್ತಾಳಂತೆ.

ನಾನು ಗೆಲುವಾಗಿದ್ದೇನೆ ಎಂದು ತಿಳಿಯಬೇಡ. ಹೆದರಿಕೆ ಇನ್ನೂ ಹಾಗೇ ಇದೆ. ಕಂಕುಳಲ್ಲಿ ಏನಿದೆಯೋ ಎಂಬುದು ಐದನೇ ತಾರೀಕಿನ ತನಕ ನನ್ನ ಜೊತೆಯಲ್ಲೇ ಮಲಗಿ ಏಳುತ್ತದೆ. ಬಚ್ಚಲಿಗೆ ಹೋದಾಗ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ಫ್ಯಾಕ್ಟರಿಯಲ್ಲಿ ರಜೆ ಕೇಳುವಾಗ ಹರ್ನಿಯಾ ಆಪರೇಷನ್ ಎಂದು ಹೇಳಿಬಂದೆ. ನಗಬೇಡ. ಅಪ್ಪ ಬಸ್ಸಿನಲ್ಲಿ ಮಾಡಿದ ಕೆಲಸವನ್ನೇ ನಾನು ಸೂಪರ್‌ವೈಸರ್ ಮೇಜಿನ ಮುಂದೆ ಮಾಡಿದೆ. ಶಿವರಾಜು ಮನೆಗೆ ಬಂದು ಹಣ್ಣು ಕೊಟ್ಟು, ಭಾರ ಎತ್ತಬೇಡ ಕಣ್ಲಾ ಎಂದು ಹೇಳಿ ಹೋದ.

ಅಮೂಲ್ಯಳಿಗೂ ಹಾಗೇ ಹೇಳಿದ್ದೇವೆ. ಮಾರ್ಚಿನಲ್ಲಿ ಪರೀಕ್ಷೆ, ಈಗ ಅವಳ ತಲೆಗೆ ಇದನ್ನು ತುಂಬುವುದು ಬೇಡ ಎಂದು ಮಮತಾ ಹಟ ಹಿಡಿದಳು, ನಾನೂ ಹೂಂ ಎಂದೆ. ಅವ್ವನಿಗೆ ಇದು ಹಿಡಿಸಿಲ್ಲ. ಮುಚ್ಚಿಟ್ಟು ನಾನೇನು ಗಳಿಸಿದೆ ಎಂದು ಗೊಣಗುತ್ತಾ ಮೊರ ಎಳೆದುಕೊಂಡಳು. ಅವಳು ಹೇಳುವುದು ಸರಿ ಎಂದು ಗೊತ್ತಿದ್ದೂ ನನಗೆ ಮಗಳ ಮುಂದೆ ಬಾಯಿ ಬಿಡಲಾಗುತ್ತಿಲ್ಲ. ಓದುತ್ತಾ ಕೂತಿರುವ ಅವಳ ಬೆನ್ನು ನೋಡಿ ಬಾಗಿಲಿಂದಲೇ ವಾಪಸು ಬರುತ್ತೇನೆ.

ನೀನು ಐದಕ್ಕೆ ಬರಬೇಡ, ಭಾವನನ್ನು ನೋಡಿಕೋ. ಅವರಿಗೂ ಹೇಳು ಅಕ್ಕ, ನಿನ್ನ ವಿಷಯವನ್ನೂ ಹೇಳು. ಆಸ್ಪತ್ರೆಗೆ ಇನ್ನು ಒಬ್ಬಳೇ ಹೋಗಬೇಡ.

ನಿನ್ನ
ಮುನೇಶ

ಅತ್ತೆ, ಇದನ್ನು ಬರೆಯುತ್ತಿರುವುದು ನಾನು, ಅಮೂಲ್ಯ. ಕಾಲೇಜಿಗೆ ಹೋಗುವಾಗ ಪೋಸ್ಟ್ ಮಾಡು ಎಂದು ಅಪ್ಪ ಕೊಟ್ಟರು. ಲಕೋಟೆ ಅಂಟಿಸಿರಲಿಲ್ಲ. ಮರೆತರೋ, ಬೇಕೆಂದೇ ಹಾಗೆ ಕೊಟ್ಟರೋ ನನಗೆ ಗೊತ್ತಿಲ್ಲ. ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಪೂರ್ತಿ ಓದಿದೆ. ಸ್ವಲ್ಪ ಅಳು ಬಂತು, ಯಾರೂ ನೋಡಲಿಲ್ಲ. ಇದನ್ನು ಡಬ್ಬಿಗೆ ಹಾಕಿ ಮನೆಗೆ ವಾಪಸು ಹೋಗುತ್ತೇನೆ, ಓದಿದೆ ಎಂದು ಅಪ್ಪನಿಗೆ ಹೇಳುತ್ತೇನೆ. ಬೈದರೆ ಬೈಯಲಿ. ಐದನೇ ತಾರೀಕು ನನಗೆ ಪ್ರಿಪರೇಟರಿ ಕೆಮಿಸ್ಟ್ರಿ ಇದೆ. ಬರೆದು ಮುಗಿಸಿ ಸೀದಾ ಆಸ್ಪತ್ರೆಗೇ ಬರುತ್ತೇನೆ.